ಪ್ಲಗ್ ಚುಚ್ಚುವ ಸೋಲಾರ್‌ಗೆ ಯಾರ ಅಪ್ಪಣೆ ಬೇಕು?

2025ರ ಮಾರ್ಚ್‌ನಲ್ಲಿ ಅಮೆರಿಕದ ಯೂಟಾ ರಾಜ್ಯ, ಗೋಡೆಯ ಸಾಕೆಟ್ಟಿಗೆ ಚುಚ್ಚುವ ಸಣ್ಣ ಸೋಲಾರ್‌ಗೆ ವಿದ್ಯುತ್ ಕಂಪನಿಯ ಅಪ್ಪಣೆ ಬೇಡ ಅನ್ನುವ ಒಂದು ಚಿಕ್ಕ ಕಾನೂನು ಮಾಡಿತು. ಎಚ್‌ಬಿ 340 ಅಂತ ಅದರ ನಂಬರು. ಮಂಡಿಸಿದವರು ರೇಮಂಡ್ ವಾರ್ಡ್. ರಿಪಬ್ಲಿಕನ್ ಪಕ್ಷದ ಶಾಸಕರು, ವೃತ್ತಿಯಿಂದ ವೈದ್ಯರು. ಒಂದೇ ಒಂದು ವಿರೋಧ ಮತವೂ ಬೀಳದೆ ಅದು ಪಾಸಾಯಿತು. ಗವರ್ನರ್ ಸ್ಪೆನ್ಸರ್ ಕಾಕ್ಸ್ ಸಹಿ ಹಾಕಿದರು, ಮೇ ತಿಂಗಳಿಂದ ಜಾರಿಗೆ ಬಂತು. ಸೋಲಾರ್ ಅಂದ ಕೂಡಲೇ ಎರಡು ಪಕ್ಷಗಳು ಕಿತ್ತಾಡುವ ಈ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು ಅನ್ನುವುದು ಮೊದಲ ಪ್ರಶ್ನೆ. ಎರಡನೆಯ ಪ್ರಶ್ನೆ, ಕಾನೂನು ಬಂದ ಮೇಲೂ ಅಂಗಡಿಗೆ ಸರಿಯಾದ ಸಾಮಾನು ಬರಲು ಅಷ್ಟು ತಿಂಗಳು ಯಾಕೆ ಹಿಡಿಯಿತು ಅನ್ನುವುದು.

ಸಾಮಾನು ಏನು ಅಂತ ಮೊದಲು ನೋಡೋಣ. ಎರಡೋ ಮೂರೋ ಸೋಲಾರ್ ಪ್ಯಾನೆಲ್. ಅವುಗಳ ಡಿಸಿ ಕರೆಂಟನ್ನು ಎಸಿ ಮಾಡುವ ಒಂದು ಸಣ್ಣ ಮೈಕ್ರೋ ಇನ್ವರ್ಟರ್. ಅದರಿಂದ ಹೊರಡುವ ಒಂದು ವೈರು, ತುದಿಯಲ್ಲಿ ಮಾಮೂಲಿ ಪ್ಲಗ್. ಪ್ಯಾನೆಲ್ಲನ್ನು ಬಾಲ್ಕನಿ ಕಂಬಿಗೆ ಕಟ್ಟಿ ಅಥವಾ ಹಿತ್ತಲಲ್ಲಿ ನಿಲ್ಲಿಸಿ, ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಮುಗಿಯಿತು. ಫ್ರಿಜ್ಜು, ವೈಫೈ, ಫ್ಯಾನು ಮೊದಲು ಈ ಕರೆಂಟನ್ನು ಬಳಸುತ್ತವೆ. ಸಾಲದೆ ಬಂದಷ್ಟನ್ನು ಮಾತ್ರ ಗ್ರಿಡ್‌ನಿಂದ ಎಳೆಯುತ್ತವೆ. ಬ್ಯಾಟರಿ ಬೇಕಿಲ್ಲ, ಎಲೆಕ್ಟ್ರಿಷಿಯನ್ ಬೇಕಿಲ್ಲ. ಮನೆ ಖಾಲಿ ಮಾಡುವಾಗ ಕಿತ್ತುಕೊಂಡು ಹೋಗಬಹುದು.

ಇದಕ್ಕೆ ಕಾನೂನು ಯಾಕೆ ಬೇಕಾಯಿತು? ಹಳೆಯ ನಿಯಮಗಳಿಗೆ ಗಾತ್ರದ ಪರಿವೆ ಇರಲಿಲ್ಲ. ಗ್ರಿಡ್ಡಿಗೆ ಸಮಾನಾಂತರವಾಗಿ ಕರೆಂಟ್ ಹುಟ್ಟಿಸುವ ಯಾವುದೇ ವಸ್ತು ವಿದ್ಯುತ್ ಕಂಪನಿಯ ಕಣ್ಣಿಗೆ ಒಂದು ಪುಟ್ಟ ವಿದ್ಯುತ್ ಸ್ಥಾವರ. ಅದಕ್ಕೆ ಅರ್ಜಿ ಹಾಕಬೇಕು, ಒಪ್ಪಂದಕ್ಕೆ ಸಹಿ ಮಾಡಬೇಕು, ಪರ್ಮಿಟ್ ತರಬೇಕು, ತಪಾಸಣೆ ಆಗಬೇಕು, ಕೊನೆಗೆ 'ಚಾಲೂ ಮಾಡಬಹುದು' ಅಂತ ಕಂಪನಿಯಿಂದ ಪತ್ರ ಬರಬೇಕು. ಚಾವಣಿ ಮೇಲಿನ 8 ಕಿಲೋವ್ಯಾಟ್ ವ್ಯವಸ್ಥೆಗೆ ಈ ಓಡಾಟ ಒಪ್ಪುವ ಮಾತೇ. ಆದರೆ 400 ವ್ಯಾಟ್‌ನ ಒಂದು ಪ್ಯಾನೆಲ್ಲಿಗೂ ಅಷ್ಟೇ ಓಡಾಟ ಅಂದರೆ ಯಾರು ಮಾಡ್ತಾರೆ? ಅಮೆರಿಕದಲ್ಲಿ ಮನೆ ಸೋಲಾರ್‌ಗೆ ವ್ಯಾಟಿಗೆ ಸುಮಾರು 3 ಡಾಲರ್ ಬೀಳುತ್ತದೆ. ಅದರಲ್ಲಿ ಪ್ಯಾನೆಲ್ಲಿನ ಪಾಲು ಚಿಕ್ಕದು. ಉಳಿದದ್ದರಲ್ಲಿ ಬಹುಪಾಲು ಕೂಲಿ, ಕಾಗದಪತ್ರ, ಗಿರಾಕಿ ಹುಡುಕುವ ಖರ್ಚು, ಕಂಪನಿಯ ಲಾಭ.

ಯೂಟಾ ಮಾಡಿದ್ದು ಇಷ್ಟೇ. 1,200 ವ್ಯಾಟ್ ಮೀರದ, 120 ವೋಲ್ಟ್‌ನ ಮಾಮೂಲಿ ಸಾಕೆಟ್ಟಿಗೆ ಚುಚ್ಚುವ, ಮನೆಯ ಬಳಕೆಯನ್ನು ಕಡಿಮೆ ಮಾಡಲಿಕ್ಕೆಂದೇ ಇರುವ ಸಾಧನವನ್ನು ಬೇರೆ ಗುಂಪಿಗೆ ಹಾಕಿತು. ಅದಕ್ಕೆ ಒಪ್ಪಂದ ಬೇಡ. ವಿದ್ಯುತ್ ಕಂಪನಿ ಅನುಮತಿ ಕೇಳು ಅನ್ನುವ ಹಾಗಿಲ್ಲ, ಶುಲ್ಕ ಹಾಕುವ ಹಾಗಿಲ್ಲ, ಹೆಚ್ಚುವರಿ ಉಪಕರಣ ಹಾಕಿಸು ಅನ್ನುವ ಹಾಗೂ ಇಲ್ಲ. ಬದಲಿಗೆ ಮೂರು ಷರತ್ತು. ಗ್ರಿಡ್ ಕರೆಂಟ್ ಹೋದ ಕ್ಷಣ ಸಾಧನ ತಾನಾಗಿ ನಿಲ್ಲಬೇಕು. ರಾಷ್ಟ್ರೀಯ ವಿದ್ಯುತ್ ಸಂಹಿತೆಗೆ ಹೊಂದಬೇಕು. ಯುಎಲ್ ಅಥವಾ ಅದಕ್ಕೆ ಸಮನಾದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಇರಬೇಕು.

ಇನ್ನೊಂದು ಸಾಲು ಕಡಿಮೆ ಚರ್ಚೆಯಾಗಿದೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಈ ಸಾಧನಕ್ಕೆ ನೆಟ್ ಮೀಟರಿಂಗ್ ಇಲ್ಲ. ಮನೆಯಲ್ಲಿ ಬಳಸದೆ ಗ್ರಿಡ್ಡಿಗೆ ಹರಿದ ಕರೆಂಟಿಗೆ ಒಂದು ಸೆಂಟೂ ಸಿಗುವುದಿಲ್ಲ.

ಇದರ ತೂಕ ಗೊತ್ತಾಗಬೇಕಾದರೆ ಕ್ಯಾಲಿಫೋರ್ನಿಯಾ ಕಡೆ ನೋಡಬೇಕು. ಅಲ್ಲಿ ಚಾವಣಿ ಸೋಲಾರ್‌ನ ಜಗಳವೆಲ್ಲ ನಡೆದದ್ದು ಹೊರಗೆ ಹರಿಯುವ ಕರೆಂಟಿನ ಬೆಲೆಯ ಮೇಲೆ. ಸೋಲಾರ್ ಇರುವವರಿಗೆ ಪೂರ್ತಿ ದರ ಕೊಟ್ಟರೆ ತಂತಿ, ಕಂಬದ ಖರ್ಚು ಸೋಲಾರ್ ಇಲ್ಲದವರ ತಲೆಗೆ ಬರುತ್ತದೆ ಅಂತ ಕಂಪನಿಗಳು ವರ್ಷಗಟ್ಟಲೆ ವಾದಿಸಿದವು. ಕೊನೆಗೆ 2023ರ ಏಪ್ರಿಲ್‌ನಿಂದ ಹೊಸ ಗಿರಾಕಿಗಳಿಗೆ ಆ ದರವನ್ನು ಸುಮಾರು ಮುಕ್ಕಾಲು ಭಾಗ ಕಡಿತ ಮಾಡಲಾಯಿತು. ಪ್ಲಗ್ ಸೋಲಾರ್ ಈ ಜಗಳಕ್ಕೇ ಹೋಗುವುದಿಲ್ಲ. ನನಗೆ ದುಡ್ಡು ಬೇಡ, ನಿನ್ನ ಅಪ್ಪಣೆಯೂ ಬೇಡ ಅನ್ನುತ್ತದೆ. ಕಂಪನಿಗಿರುವ ಅತ್ಯಂತ ಬಲವಾದ ವಾದವೇ ಹೀಗೆ ಕೈತಪ್ಪುತ್ತದೆ. ಸಾಧನದಿಂದ ಏನಾದರೂ ಹಾನಿಯಾದರೆ ಕಂಪನಿ ಹೊಣೆಯಲ್ಲ ಅಂತಲೂ ಯೂಟಾ ಬರೆದಿಟ್ಟಿದೆ. ಅಲ್ಲಿಗೆ ಇನ್ನೊಂದು ತಕರಾರೂ ಮುಗಿಯಿತು.

ಎರಡೂ ಪಕ್ಷ ಒಪ್ಪಿದ್ದರ ಗುಟ್ಟು ಇದರಲ್ಲೇ ಇದೆ. ಯೂಟಾದಲ್ಲಿ ಇದು ವ್ಯಕ್ತಿ ಸ್ವಾತಂತ್ರ್ಯದ ಮಾತಾಯಿತು. ನನ್ನ ಮನೆ, ನನ್ನ ಪ್ಯಾನೆಲ್, ಸರ್ಕಾರಕ್ಕೇನು ಕೆಲಸ ಅಂತ. ನ್ಯೂಯಾರ್ಕ್‌ನಲ್ಲಿ ಇದೇ ವಿಚಾರ 'ಸನ್ನಿ ಆಕ್ಟ್' ಅನ್ನುವ ಹೆಸರಿನಲ್ಲಿ ಬಂದಾಗ ಬಾಡಿಗೆದಾರರ ಹಕ್ಕು, ಹವಾಮಾನ, ಕರೆಂಟ್ ಬಿಲ್ ಅಂತಾಯಿತು. ಕ್ಯಾಲಿಫೋರ್ನಿಯಾದಲ್ಲಿ ಸೆನೆಟರ್ ಸ್ಕಾಟ್ ವೀನರ್ 2026ರ ಆರಂಭದಲ್ಲಿ ಎಸ್‌ಬಿ 868 ಮಂಡಿಸಿದರು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಮಸೂದೆ ಬಂದಿವೆ. ಸರ್ಕಾರಕ್ಕೆ ಪೈಸೆ ಖರ್ಚಿಲ್ಲ, ಸಬ್ಸಿಡಿ ಇಲ್ಲ. ಮನೆ ಸೋಲಾರ್‌ಗೆ ಫೆಡರಲ್ ಸರ್ಕಾರ ಕೊಡುತ್ತಿದ್ದ ಶೇ 30ರ ತೆರಿಗೆ ರಿಯಾಯಿತಿ 2025ರ ಕೊನೆಗೆ ನಿಂತುಹೋದ ಮೇಲೆ, ಏನೂ ಕೇಳದ ಸೋಲಾರ್ ಇನ್ನೂ ಚೆನ್ನಾಗಿ ಕಾಣತೊಡಗಿತು.

ಇನ್ನು ಎರಡನೆಯ ಪ್ರಶ್ನೆ. ಶಾಸಕರು ಅಪ್ಪಣೆ ತೆಗೆದುಹಾಕಬಹುದು. ಗೋಡೆಯೊಳಗಿನ ತಂತಿ ಮಾತ್ರ ಶಾಸನ ಓದುವುದಿಲ್ಲ.

ಅಮೆರಿಕದ ಮನೆಗಳಲ್ಲಿ ವೋಲ್ಟೇಜ್ 120. ಒಂದು ಕೋಣೆಯ ಸಾಕೆಟ್ಟುಗಳಿಗೆಲ್ಲ ಸಾಮಾನ್ಯವಾಗಿ 15 ಆಂಪ್‌ನ ಒಂದು ಬ್ರೇಕರ್, ಅಂದರೆ ಹೊರೆ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್ಚು. ತಂತಿಯ ದಪ್ಪವೂ ಅಷ್ಟಕ್ಕೇ ಲೆಕ್ಕ. 1,200 ವ್ಯಾಟನ್ನು 120 ವೋಲ್ಟ್‌ನಿಂದ ಭಾಗಿಸಿ ನೋಡಿ, 10 ಆಂಪ್ ಬರುತ್ತದೆ. ಈಗ ಅದೇ ಸರ್ಕ್ಯೂಟಿನಲ್ಲಿ ಒಂದು 1,500 ವ್ಯಾಟ್ ಹೀಟರ್, ಒಂದು 1,500 ವ್ಯಾಟ್ ಹೇರ್ ಡ್ರೈಯರ್ ಒಟ್ಟಿಗೆ ಓಡುತ್ತಿವೆ ಅಂದುಕೊಳ್ಳಿ. ಎರಡೂ ಸೇರಿ 25 ಆಂಪ್. ಸೋಲಾರ್ ಇಲ್ಲದಿದ್ದರೆ ಬ್ರೇಕರ್ ಬೀಳುತ್ತದೆ, ಮನೆ ಬಚಾವ್. ಸೋಲಾರ್ ಇದ್ದರೆ 10 ಆಂಪ್ ಅಲ್ಲಿಂದ, 15 ಆಂಪ್ ಬ್ರೇಕರ್ ಮೂಲಕ. ಬ್ರೇಕರ್‌ಗೆ ಕಾಣುವುದು 15 ಮಾತ್ರ, ಹಾಗಾಗಿ ಅದು ಸುಮ್ನೆ ಇರುತ್ತದೆ. ಆದರೆ ಹೀಟರ್, ಡ್ರೈಯರ್ ಎರಡೂ ಸೋಲಾರ್ ಸೇರಿದ ಜಾಗದ ಆಚೆಗಿದ್ದರೆ, ಅವುಗಳ ಕಡೆಗೆ ಹೋಗುವ ತಂತಿಯ ತುಂಡಿನಲ್ಲಿ 25 ಆಂಪ್ ಹರಿಯುತ್ತದೆ. ತಂತಿ ಬಿಸಿಯಾಗುತ್ತದೆ, ಅದೂ ಗೋಡೆಯ ಒಳಗೆ. ಅಮೆರಿಕದ ಮನೆಗಳ ಗೋಡೆಗಳು ಹೆಚ್ಚಾಗಿ ಮರದ ಚೌಕಟ್ಟಿನವು ಅನ್ನುವುದನ್ನೂ ನೆನಪಿಡಿ. ಎರಡು ದೊಡ್ಡ ಹೊರೆ ಒಂದೇ ಸರ್ಕ್ಯೂಟಿನಲ್ಲಿ, ಅದೂ ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ, ತುಂಬಾ ಹೊತ್ತು ಓಡಬೇಕು. ಅಂಥ ಸಂದರ್ಭ ಕಡಿಮೆಯೇ. ಆದರೆ ಲಕ್ಷಾಂತರ ಮನೆಗಳಲ್ಲಿ ಹಾಕಿದ ಮೇಲೆ 'ಕಡಿಮೆ' ಅನ್ನುವುದು ಸಮಾಧಾನದ ಮಾತಲ್ಲ, ಅಲ್ವಾ?

ಎರಡನೆಯ ತೊಡಕು ಪ್ಲಗ್ಗಿನದು. ಉರಿಯುವ ಬಿಸಿಲಲ್ಲಿ ಪ್ಲಗ್ ಎಳೆದರೆ ಅದರ ಲೋಹದ ಕಾಲುಗಳಲ್ಲಿ ಕರೆಂಟ್ ಉಳಿದಿರುತ್ತದೆಯೇ? ಒಳ್ಳೆಯ ಮೈಕ್ರೋ ಇನ್ವರ್ಟರ್‌ನಲ್ಲಿ ಉಳಿಯಬಾರದು. ಅದು ಗ್ರಿಡ್ಡಿನ ವೋಲ್ಟೇಜಿನ ಅಲೆಯನ್ನು ನೋಡಿಕೊಂಡು ಅದರ ತಾಳಕ್ಕೇ ಕರೆಂಟ್ ಕೊಡುತ್ತದೆ. ಅಲೆ ಮಾಯವಾದ ಕೂಡಲೇ ನಿಲ್ಲುತ್ತದೆ. ಆದರೆ 'ಕೂಡಲೇ' ಅಂದರೆ ಎಷ್ಟು ಬೇಗ ಅನ್ನುವುದೇ ವಿಷಯ. ಗ್ರಿಡ್ ಹೋದಾಗ 2 ಸೆಕೆಂಡಿನೊಳಗೆ ನಿಲ್ಲಬೇಕು ಅನ್ನುವುದು ಅಮೆರಿಕದ ಮಾನದಂಡ. ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಅದು ಸಾಕು. ಪ್ಲಗ್ ಕಿತ್ತ ಮಗುವಿನ ಬೆರಳಿಗೆ ಸಾಲದು.

ಮೂರನೆಯದು ಇನ್ನೂ ತಮಾಷೆಯಾಗಿದೆ. ಬಾಲ್ಕನಿ, ಹಿತ್ತಲಿನ ಸಾಕೆಟ್ಟುಗಳಿಗೆ ಶಾಕ್ ತಡೆಯುವ ಜಿಎಫ್‌ಸಿಐ ಇರಲೇಬೇಕು ಅನ್ನುತ್ತದೆ ಅಲ್ಲಿನ ಸಂಹಿತೆ. ಅವುಗಳಲ್ಲಿ ಬಹಳಷ್ಟು, ಕರೆಂಟ್ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ ಅಂದುಕೊಂಡು ಮಾಡಿದವು. ಉಲ್ಟಾ ಹರಿದರೆ ಅವು ಕೆಡಬಹುದು, ಕೆಟ್ಟದ್ದು ಗೊತ್ತಾಗದೆಯೂ ಇರಬಹುದು. ಅಂದರೆ ಸೋಲಾರ್ ಚುಚ್ಚಲು ಅತ್ಯಂತ ಅನುಕೂಲವಾದ ಸಾಕೆಟ್ಟೇ ಅದಕ್ಕೆ ಹೊಂದದ ಸಾಕೆಟ್ಟು.

ಈ ಮೂರನ್ನೂ ಒಟ್ಟಿಗೆ ಪರೀಕ್ಷಿಸುವ ಮಾನದಂಡ ಯೂಟಾ ಕಾನೂನು ಬಂದಾಗ ಇರಲೇ ಇಲ್ಲ. ಪ್ಯಾನೆಲ್ಲಿಗೆ ಒಂದು ಪರೀಕ್ಷೆ ಇತ್ತು, ಇನ್ವರ್ಟರ್‌ಗೆ ಒಂದು ಇತ್ತು. ಇವೆರಡನ್ನೂ ಪ್ಲಗ್ಗನ್ನೂ ಸೇರಿಸಿದ ಇಡೀ ಸೆಟ್ಟಿಗೆ ಇರಲಿಲ್ಲ. ಯುಎಲ್ ಸಂಸ್ಥೆ 'ಯುಎಲ್ 3700' ಅನ್ನುವ ಪರೀಕ್ಷಾ ಚೌಕಟ್ಟು ತಂದು ಪ್ರಮಾಣಪತ್ರ ಕೊಡುವ ಕೆಲಸ ಶುರು ಮಾಡಿದ್ದು 2026ರ ಆರಂಭದಲ್ಲಿ. ನಡುವಿನ ತಿಂಗಳುಗಳಲ್ಲಿ ಯೂಟಾದಲ್ಲಿ ಅನುಮತಿ ಇತ್ತು, ಆದರೆ ಆ ಅನುಮತಿಯ ಷರತ್ತನ್ನು ಪೂರ್ತಿ ಪೂರೈಸುವ ಸಾಮಾನು ಇರಲಿಲ್ಲ. ಮಾರಾಟ ಮಾಡುವವರು ಮಾರಿದರು, ಕೊಳ್ಳುವವರು ಕೊಂಡರು. ಕಾನೂನಿನ ಕಣ್ಣಲ್ಲಿ ಅದು ಸರಿಯೋ ತಪ್ಪೋ ಅನ್ನುವುದು ಮಬ್ಬಾಗಿಯೇ ಉಳಿಯಿತು.

ಹಾಗಂತ ಯೂಟಾ ಆತುರಪಟ್ಟಿತು ಅಂತ ನಾನು ಹೇಳುವುದಿಲ್ಲ. ಕಾನೂನು ಬರದೆ ಇದ್ದರೆ ಮಾನದಂಡವೂ ಬರುತ್ತಿರಲಿಲ್ಲ. ಮಾರುಕಟ್ಟೆಯೇ ಇಲ್ಲದ ಸಾಮಾನಿಗೆ ಯಾರು ಪರೀಕ್ಷೆ ಬರೆಯುತ್ತಾರೆ? ನನ್ನ ತಕರಾರು 1,200 ಅನ್ನುವ ಸಂಖ್ಯೆಯ ಬಗ್ಗೆ.

ಜರ್ಮನಿಯ ಲೆಕ್ಕ ನೋಡಿ. ಬಾಲ್ಕನಿ ಸೋಲಾರ್‌ನ ತವರು ಅದು. 2025ರ ಮಧ್ಯದ ಹೊತ್ತಿಗೆ ಅಲ್ಲಿ ನೋಂದಣಿಯಾದ ಸೆಟ್ಟುಗಳು 10 ಲಕ್ಷ ದಾಟಿದ್ದವು. ಅಮೆರಿಕದ ಪ್ರತಿ ಮಸೂದೆಯ ಚರ್ಚೆಯಲ್ಲೂ ಈ ಸಂಖ್ಯೆ ಬರುತ್ತದೆ. ಅಲ್ಲಿ ಏನೂ ಆಗಿಲ್ಲ, ಇಲ್ಲಿ ಯಾಕೆ ಹೆದರಿಕೆ ಅಂತ. ಆದರೆ ಜರ್ಮನಿಯಲ್ಲಿ ವೋಲ್ಟೇಜ್ 230. ಇನ್ವರ್ಟರ್‌ನ ಮಿತಿ 2024ರ ಮೇ ತನಕ 600 ವ್ಯಾಟ್ ಇತ್ತು, ಆಮೇಲೆ 800 ಆಯಿತು. 800ನ್ನು 230ರಿಂದ ಭಾಗಿಸಿದರೆ ಮೂರೂವರೆ ಆಂಪ್. ಅಲ್ಲಿನ 16 ಆಂಪ್ ಸರ್ಕ್ಯೂಟಿಗೆ ಇದು ಒಂದು ತುತ್ತು. ಯೂಟಾದ 10 ಆಂಪ್ ಅದರ ಸುಮಾರು ಮೂರು ಪಟ್ಟು, ಅದೂ ಇನ್ನೂ ಚಿಕ್ಕ ಬ್ರೇಕರ್‌ನ ಮೇಲೆ. ಜರ್ಮನಿಯ ಅನುಭವವನ್ನು ಹಾಗೇ ಎತ್ತಿ ತರಬೇಕೆಂದರೆ ಅಮೆರಿಕದ ಮಿತಿ 400 ವ್ಯಾಟ್ ಆಸುಪಾಸು ಇರಬೇಕು. ಅದರ ಮೇಲಿನದಕ್ಕೆ ಪ್ರತ್ಯೇಕ ಸರ್ಕ್ಯೂಟ್ ಬೇಕು, ಇಲ್ಲವೇ ಕೋಣೆಯ ಹೊರೆ ನೋಡಿಕೊಂಡು ತಗ್ಗುವ ಬುದ್ಧಿವಂತ ಇನ್ವರ್ಟರ್ ಬೇಕು. ಎರಡು ಮೆಟ್ಟಿಲಿನ ಮಿತಿ ಮಾಡುವ ರಾಜ್ಯ ಸರಿಯಾದ ದಾರಿಯಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಚಿಕ್ಕದಕ್ಕೆ ಪೂರ್ತಿ ಬಿಡುವು, ದೊಡ್ಡದಕ್ಕೆ ಒಬ್ಬ ಎಲೆಕ್ಟ್ರಿಷಿಯನ್‌ನ ಒಂದು ಭೇಟಿ. ಜರ್ಮನಿ ಕೂಡ ಸುಮ್ನೆ ಬಿಟ್ಟುಬಿಡಲಿಲ್ಲ. ಮಾಮೂಲಿ ಪ್ಲಗ್ ಸಾಕೇ, ವಿಶೇಷ ಪ್ಲಗ್ ಬೇಕೇ ಅಂತ ವರ್ಷಗಟ್ಟಲೆ ಜಗ್ಗಾಡಿ, 2025ರ ಡಿಸೆಂಬರ್‌ನಲ್ಲಷ್ಟೇ ಉತ್ಪನ್ನದ ಮಾನದಂಡ ಹೊರಗೆ ತಂದಿತು. ಬೆಂಕಿಯ ಸರಣಿ ಏನೂ ಆಗದೆ ಹತ್ತು ಲಕ್ಷ ಮನೆ ಸೇರಿದ ಸಾಮಾನಿಗೆ ಅಷ್ಟು ತಡವಾಗಿ ನಿಯಮ ಬಂದದ್ದು ನಗು ತರಿಸಿದರೂ, ಬಂತಲ್ಲ.

ವಿದ್ಯುತ್ ಕಂಪನಿಗಳು ಸುರಕ್ಷತೆಯ ಹೆಸರಲ್ಲಿ ಅಡ್ಡಗಾಲು ಹಾಕುತ್ತಿವೆ ಅಂತ ಪ್ಲಗ್ ಸೋಲಾರ್ ಪರ ಇರುವವರು ದೂರುತ್ತಾರೆ. ಅರ್ಧ ನಿಜ. ಯೂನಿಟ್ ಕಡಿಮೆ ಮಾರಾಟವಾದರೆ ಕಂಪನಿಗೆ ನಷ್ಟ, ಹಾಗಾಗಿ ಅವರ ಕಾಳಜಿಯಲ್ಲಿ ಸ್ವಾರ್ಥ ಬೆರೆತಿದೆ. ಆದರೆ ಮೇಲೆ ಹೇಳಿದ 25 ಆಂಪ್‌ನ ಲೆಕ್ಕವನ್ನು ಕಂಪನಿಯವರು ಹೇಳಿದರೂ ಅದು 25 ಆಂಪೇ.

ದುಡ್ಡಿನ ಮಾತಿಗೆ ಬಂದರೆ ಚಿತ್ರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. 800 ವ್ಯಾಟ್‌ನ ಸೆಟ್ ಒಳ್ಳೆಯ ಬಿಸಿಲಲ್ಲಿ, ಒಳ್ಳೆಯ ಕೋನದಲ್ಲಿ ವರ್ಷಕ್ಕೆ ಸುಮಾರು 1,100ರಿಂದ 1,200 ಯೂನಿಟ್ ಕೊಡಬಹುದು. ಬಾಲ್ಕನಿ ಕಂಬಿಗೆ ನೆಟ್ಟಗೆ ಕಟ್ಟಿದರೆ ಇನ್ನೂ ಕಡಿಮೆ. ಅದರಲ್ಲಿ ಮನೆಯೇ 900 ಬಳಸಿತು ಅನ್ನೋಣ. ಯೂನಿಟ್‌ಗೆ 30 ಸೆಂಟ್ ಮೇಲಿರುವ ಕ್ಯಾಲಿಫೋರ್ನಿಯಾದಲ್ಲಿ 270 ಡಾಲರ್‌ಗಿಂತ ಜಾಸ್ತಿ ಉಳಿತಾಯ. ಅದರ ಅರ್ಧದಷ್ಟೂ ದರ ಇಲ್ಲದ ಯೂಟಾದಲ್ಲಿ 120 ಡಾಲರ್ ಆಸುಪಾಸು. ವಿಚಿತ್ರ ನೋಡಿ, ಮೊದಲು ಕಾನೂನು ಮಾಡಿದ್ದು ಲಾಭ ಕಡಿಮೆ ಇರುವ ರಾಜ್ಯ. ಜರ್ಮನಿಯಲ್ಲಿ ಇಂಥ ಸೆಟ್ 500 ಯೂರೋದೊಳಗೆ ಸಿಗುತ್ತದೆ, ಮೇಲಾಗಿ 2023ರಿಂದ ಅದಕ್ಕೆ ಮೌಲ್ಯವರ್ಧಿತ ತೆರಿಗೆಯೇ ಇಲ್ಲ. ಅಮೆರಿಕದಲ್ಲಿ ಬೆಲೆ ಅದರ ಎಷ್ಟೋ ಪಟ್ಟು. ಮಾನದಂಡ ಬಂದು ಪೈಪೋಟಿ ಹೆಚ್ಚಿದರೆ ಇಳಿಯಬಹುದು.

ಅಮೆರಿಕದ ಮನೆಗಳಲ್ಲಿ ಮೂರನೇ ಒಂದು ಭಾಗ ಬಾಡಿಗೆ ಮನೆಗಳು. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಅಪಾರ್ಟ್‌ಮೆಂಟುಗಳಲ್ಲಿರುವ ನಮ್ಮ ಕನ್ನಡದ ಟೆಕ್ಕಿಗಳಲ್ಲೂ ಬಹಳಷ್ಟು ಜನ ಬಾಡಿಗೆದಾರರೇ. ತಿಂಗಳ ಬಿಲ್ ನೋಡಿ ಹುಬ್ಬೇರಿಸುವುದು ಬಿಟ್ಟರೆ ಅವರಿಗೆ ಬೇರೆ ದಾರಿ ಇಲ್ಲ. ಇವರಿಗಾಗಿಯೇ ಈ ಸಾಧನ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಯೂಟಾ ಕಾನೂನು ಕಟ್ಟಿಹಾಕಿದ್ದು ವಿದ್ಯುತ್ ಕಂಪನಿಯ ಕೈಯನ್ನು. ಮನೆ ಮಾಲೀಕರು ಬಾಲ್ಕನಿಗೆ ಏನೂ ಕಟ್ಟಬೇಡಿ ಅಂದರೆ ಮಾತು ಅಲ್ಲಿಗೆ ನಿಂತಿತು. ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಬಾಡಿಗೆ ಕಾನೂನನ್ನೂ ಅಪಾರ್ಟ್‌ಮೆಂಟ್ ಕಾನೂನನ್ನೂ ತಿದ್ದಿ, ತಕ್ಕ ಕಾರಣ ಇಲ್ಲದೆ ಮಾಲೀಕರು ಬೇಡ ಅನ್ನುವ ಹಾಗಿಲ್ಲ ಎಂದಿತು. ಇದಿಲ್ಲದ ಪ್ಲಗ್ ಸೋಲಾರ್ ಕಾನೂನು ಸ್ವಂತ ಮನೆಯವರಿಗೇ ಜಾಸ್ತಿ ಉಪಯೋಗ. ಅಲ್ಲಿರುವ ಕನ್ನಡಿಗರು ಕೊಳ್ಳುವ ಮುಂಚೆ ಎರಡು ಕಾಗದ ಓದಬೇಕು. ಬಾಡಿಗೆ ಕರಾರು ಒಂದು. ಪ್ರಮಾಣಪತ್ರ ಇನ್ನೊಂದು, ಅದು ಇಡೀ ಸೆಟ್ಟಿಗೆ ಇರಬೇಕು. ಬರೀ ಇನ್ವರ್ಟರ್‌ಗೆ ಯುಎಲ್ ಗುರುತು ಇದ್ದರೆ ಸಾಲದು.

ಇಷ್ಟು ಓದಿದ ಮೇಲೆ ಬೆಂಗಳೂರಿನ ಓದುಗರು ಕೇಳುವುದು ಒಂದೇ ಪ್ರಶ್ನೆ. ಕರೆಂಟ್ ಹೋದಾಗ ಓಡುತ್ತಾ? ಓಡಲ್ಲ. ಗ್ರಿಡ್ ಹೋದರೆ ನಿಲ್ಲಲೇಬೇಕು ಅನ್ನುವುದೇ ಷರತ್ತು. ಹೀಗೆ ನಿಲ್ಲುತ್ತದೆಯೇ ಅಂತ ಪರೀಕ್ಷಿಸಲು ನಮ್ಮಲ್ಲೂ ಐಎಸ್ 16169 ಅನ್ನುವ ಮಾನದಂಡ ಇದೆ. ಇನ್ನೂ ಒಂದು ಅಪಾಯವಿದೆ. ನಮ್ಮ ಮನೆಗಳಲ್ಲಿ ಯುಪಿಎಸ್ ಸಾಮಾನ್ಯ. ಕರೆಂಟ್ ಹೋಗಿ ಯುಪಿಎಸ್ ಚಾಲೂ ಆದಾಗ, ಅದರ ಅಲೆಯನ್ನೇ ಗ್ರಿಡ್ ಅಂದುಕೊಂಡು ಸೋಲಾರ್ ಇನ್ವರ್ಟರ್ ಅದರೊಳಗೆ ಕರೆಂಟ್ ನೂಕಬಹುದು. ಆ ಯುಪಿಎಸ್‌ಗಳನ್ನು ಅದಕ್ಕೆ ಮಾಡಿಲ್ಲ.

ವೋಲ್ಟೇಜ್ ಲೆಕ್ಕದಲ್ಲಿ ನಾವು ಜರ್ಮನಿಯ ಕಡೆ. 230 ವೋಲ್ಟ್, 800 ವ್ಯಾಟ್‌ಗೆ ಮೂರೂವರೆ ಆಂಪ್. ಆದರೆ ಸೂರ್ಯನ ಲೆಕ್ಕದಲ್ಲಿ ಅಲ್ಲ. ಜರ್ಮನಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ, ಹಾಗಾಗಿ ನೆಟ್ಟಗೆ ಕಟ್ಟಿದ ಪ್ಯಾನೆಲ್ಲಿಗೂ ಬಿಸಿಲು ಬೀಳುತ್ತದೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ. ದಕ್ಷಿಣದ ಬಾಲ್ಕನಿ ಕಂಬಿಗೆ ಆ ತಿಂಗಳುಗಳಲ್ಲಿ ನೇರ ಬಿಸಿಲು ಸಿಗುವುದು ಅಷ್ಟಕ್ಕಷ್ಟೇ, ಮೇಲಿನ ಮಹಡಿಯ ಬಾಲ್ಕನಿಯ ನೆರಳು ಬೇರೆ. ನಮ್ಮಲ್ಲಿ ಬಿಸಿಲಿರುವುದು ತಾರಸಿಯ ಮೇಲೆ. ತಾರಸಿ ಸ್ವಂತದ್ದಾದರೆ ಪಿಎಂ ಸೂರ್ಯಘರ್ ಯೋಜನೆ ಇದೆ, 1 ಕಿಲೋವ್ಯಾಟಿಗೆ 30,000, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. ಇನ್ನು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಸ್ವಂತ ಯೂನಿಟ್ ಹುಟ್ಟಿಸುವ ದರ್ದು ಏನಿದೆ? ಆ ಮಿತಿ ದಾಟಿ, ಯೂನಿಟ್‌ಗೆ ಸುಮಾರು 6 ರೂಪಾಯಿ ಕೊಡುವ, ಬಾಡಿಗೆಗೆ ಇರುವ, ಆದರೆ ತಾರಸಿಯಲ್ಲಿ ನಾಲ್ಕಡಿ ಜಾಗ ಸಿಗುವ ಕುಟುಂಬಕ್ಕೆ ಮಾತ್ರ ಇಲ್ಲಿ ಪ್ಲಗ್ ಸೋಲಾರ್ ಹೊಂದೀತು.

ಅವರಿಗೂ ಮೊದಲ ಅಡ್ಡಿ ಮೀಟರ್. ನಮ್ಮ ಅನೇಕ ಎಲೆಕ್ಟ್ರಾನಿಕ್ ಮೀಟರ್‌ಗಳನ್ನು ಕರೆಂಟ್ ಕಳ್ಳತನ ತಡೆಯಲಿಕ್ಕೆಂದು, ಉಲ್ಟಾ ಹರಿದರೂ ಮುಂದಕ್ಕೇ ಎಣಿಸುವ ಹಾಗೆ ಮಾಡಿದ್ದಾರೆ. ವೈರು ಅದಲುಬದಲು ಮಾಡಿ ಮೀಟರನ್ನು ಹಿಂದಕ್ಕೆ ಓಡಿಸುವವರಿಗೆ ಅದು ಮದ್ದು. ಅಂಥ ಮನೆಯಲ್ಲಿ ಪ್ಲಗ್ ಸೋಲಾರ್ ಚುಚ್ಚಿ ಬಾಗಿಲು ಹಾಕಿಕೊಂಡು ಊರಿಗೆ ಹೋದರೆ, ಗ್ರಿಡ್ಡಿಗೆ ಪುಕ್ಕಟೆ ಕೊಟ್ಟ ಯೂನಿಟ್ಟುಗಳಿಗೂ ಬಿಲ್ ಬರುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಈ ವಿಷಯವನ್ನು ಯಾವತ್ತಾದರೂ ಕೈಗೆತ್ತಿಕೊಂಡರೆ, ಎಷ್ಟು ವ್ಯಾಟ್ ಬಿಡಬೇಕು ಅನ್ನುವುದಕ್ಕಿಂತ ಮೊದಲು ಯಾವ ಮೀಟರ್ ಇರುವ ಮನೆಗೆ ಬಿಡಬೇಕು ಅನ್ನುವುದನ್ನು ಬರೆಯಬೇಕಾಗುತ್ತದೆ.